ಏನಾಯ್ತು ಅಂತ ಹೇಳಿ, ಯಾಕಾಯ್ತು ಅಂತ ಆಮೇಲೆ ನೋಡೋಣ

ಲಿನಕ್ಸ್ (ವಿಂಡೋಸ್‌ನ ಹಾಗೆ ಗಣಕ ನಡೆಸುವ ವ್ಯವಸ್ಥೆ; ಮಿಂಟ್, ಉಬುಂಟು, ಡೆಬಿಯನ್ ಎಲ್ಲ ಅದರ ಬಗೆಗಳು) ಬಳಸುವವರು ತಮ್ಮ ತೊಂದರೆ ಬರೆದು ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಪತ್ರಗಳ ರಾಶಿಯೇ ಬಂದಿದೆ. ಅದರಲ್ಲಿ ಅರ್ಧಕ್ಕರ್ಧ ಒಂದೇ ಸಾಲಿನವು: ‘ಕೆಲಸ ಮಾಡ್ತಿಲ್ಲ, ಏನು ಮಾಡಲಿ?’ ಇನ್ನರ್ಧದಲ್ಲಿ ಓದುಗರೇ ರೋಗ ಪತ್ತೆ ಮಾಡಿಬಿಟ್ಟಿದ್ದಾರೆ: ‘ಕರ್ನಲ್ ಕೆಟ್ಟಿದೆ’, ‘ವೈರಸ್ ಬಂದಿದೆ’. ಪರದೆಯ ಮೇಲೆ ನಿಜಕ್ಕೂ ಏನು ಕಂಡಿತು ಅಂತ ಬರೆದವರು ಕಡಿಮೆ. ಅಂಥವರ ಪತ್ರಗಳನ್ನೇ ಮೊದಲು ಎತ್ತಿಕೊಂಡಿದ್ದೇನೆ. ಉತ್ತರ ಕೊಡಲು ಸಾಧ್ಯವಾಗುವುದು ಅವಕ್ಕೇ ತಾನೇ!

ಇನ್ನೊಂದು ಮಾತು. ಇಲ್ಲಿ ಆಜ್ಞೆಗಳನ್ನು ಕನ್ನಡ ಅಕ್ಷರದಲ್ಲಿ ಅಚ್ಚು ಮಾಡಿದ್ದೇವೆ. ನೀವು ಆಜ್ಞೆ ಕೊಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಇಂಗ್ಲಿಷ್‌ನ ಸಣ್ಣ ಅಕ್ಷರದಲ್ಲಿ ಟೈಪ್ ಮಾಡಬೇಕು. ಸ್ಪೆಲ್ಲಿಂಗ್ ಅನುಮಾನ ಬಂದರೆ ಮೊದಲ ನಾಲ್ಕೈದು ಅಕ್ಷರ ಹೊಡೆದು ಟ್ಯಾಬ್ ಕೀ ಒತ್ತಿ, ಉಳಿದದ್ದನ್ನು ಗಣಕವೇ ತುಂಬಿಕೊಳ್ಳುತ್ತದೆ.

ಪ್ರಶ್ನೆ: ಅಕ್ಕಾ, ನನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಮಿಂಟ್ 22 ಇದೆ. ಮೂರು ವಾರದಿಂದ ಆಗಾಗ ಪರದೆ ಹಾಗೇ ನಿಂತುಬಿಡುತ್ತದೆ. ಮೌಸ್ ಬಾಣ ಓಡಾಡುತ್ತದೆ, ಕ್ಲಿಕ್ ಮಾತ್ರ ಆಗುವುದಿಲ್ಲ. ಪವರ್ ಬಟನ್ ಅದುಮಿ ಹಿಡಿದು ಆಫ್ ಮಾಡುತ್ತೇನೆ. ಫಾರ್ಮ್ಯಾಟ್ ಹೊಡೆದುಬಿಡಲಾ?
— ಬಿ.ಕಾಂ. ವಿದ್ಯಾರ್ಥಿ, ಹಾವೇರಿ

ಉತ್ತರ: ಬೇಡ ಮಾರಾಯ. ಫಾರ್ಮ್ಯಾಟ್ ಹೊಡೆದರೆ ತೊಂದರೆಯ ಜೊತೆ ಸಾಕ್ಷಿಯೂ ಅಳಿಸಿಹೋಗುತ್ತದೆ. ವಾರ ಬಿಟ್ಟು ತೊಂದರೆ ಮಾತ್ರ ವಾಪಸ್ ಬರುತ್ತದೆ.

ಬಾಣ ಓಡಾಡುತ್ತದೆ ಅಂತ ಬರೆದಿದ್ದೀಯಲ್ಲ, ನಿನ್ನ ಪತ್ರದಲ್ಲಿ ನನಗೆ ಬೇಕಾದ ಮಾತು ಅದೇ. ಅಂದರೆ ಯಂತ್ರ ಸತ್ತಿಲ್ಲ. ಕಿಟಕಿ, ಮೆನು, ಕೆಳಗಿನ ಪಟ್ಟಿ ಇವನ್ನೆಲ್ಲ ನೋಡಿಕೊಳ್ಳುವ ಸಿನಮನ್ ಮಾತ್ರ ಸಿಕ್ಕಿಹಾಕಿಕೊಂಡಿರಬಹುದು. ಮುಂದಿನ ಸಲ ನಿಂತಾಗ ಮೊದಲು ಕಂಟ್ರೋಲ್, ಆಲ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತು. ಸಿನಮನ್ ಮಾತ್ರ ಮತ್ತೆ ಶುರುವಾಗುತ್ತದೆ, ನೀನು ತೆರೆದಿಟ್ಟ ಫೈಲುಗಳು ಹಾಗೇ ಇರುತ್ತವೆ. ಅದೂ ಆಗದಿದ್ದರೆ ಕಂಟ್ರೋಲ್, ಆಲ್ಟ್, ಎಫ್2. ಕಪ್ಪು ಪರದೆ ಬರುತ್ತದೆ. ಹೆದರಬೇಡ. ಯೂಸರ್ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ ‘ಟಾಪ್’ ಅಂತ ಟೈಪ್ ಮಾಡು. ಯಾವ ಪ್ರೋಗ್ರಾಂ ಎಷ್ಟು ಸಿಪಿಯು, ಎಷ್ಟು ಮೆಮೊರಿ ತಿನ್ನುತ್ತಿದೆ ಅಂತ ಪಟ್ಟಿ ಬರುತ್ತದೆ. ಮೇಲಿನ ಎರಡು ಹೆಸರು ಬರೆದಿಟ್ಟುಕೋ. ಮೊಬೈಲಿನಲ್ಲಿ ಫೋಟೋ ಹೊಡೆದರೂ ಆಯ್ತು. ವಾಪಸ್ ಬರಲು ಕಂಟ್ರೋಲ್, ಆಲ್ಟ್, ಎಫ್7.

ಬಾಣವೂ ಅಲುಗದಿದ್ದರೆ ಕ್ಯಾಪ್ಸ್ ಲಾಕ್ ಒತ್ತಿ ನೋಡು. ಅದರ ದೀಪ ಹತ್ತಿ ಆರಿದರೆ ಲಿನಕ್ಸಿನ ತಿರುಳಾದ ಕರ್ನಲ್ ಇನ್ನೂ ಉಸಿರಾಡುತ್ತಿದೆ. ಆಗಲೂ ಪವರ್ ಬಟನ್‌ಗೆ ಕೈ ಹಾಕಬೇಡ. ಆಲ್ಟ್ ಮತ್ತು ಪ್ರಿಂಟ್‌ಸ್ಕ್ರೀನ್ ಕೀಗಳನ್ನು ಹಿಡಿದುಕೊಂಡೇ ಎಸ್, ಯು, ಬಿ ಅಂತ ಒಂದೊಂದಾಗಿ, ನಡುವೆ ಎರಡು ಸೆಕೆಂಡು ಬಿಟ್ಟು ಒತ್ತು. ಎಸ್ ಅಂದರೆ ಬರೆಯಬೇಕಾದ್ದನ್ನೆಲ್ಲ ಡಿಸ್ಕಿಗೆ ಬರೆ, ಯು ಅಂದರೆ ಇನ್ನು ಮುಂದೆ ಡಿಸ್ಕಿಗೆ ಏನೂ ಬರೆಯಬೇಡ, ಬಿ ಅಂದರೆ ರೀಬೂಟ್ ಆಗು. ಇದೇ ತಂತ್ರವನ್ನು ಆರು ಅಕ್ಷರಗಳಲ್ಲಿ ಹೇಳಿಕೊಡುವವರೂ ಇದ್ದಾರೆ. ಆದರೆ ನಿನ್ನ ಮಿಂಟ್‌ನಂಥ ಉಬುಂಟು ಮೂಲದ ವ್ಯವಸ್ಥೆಗಳಲ್ಲಿ ಈ ಸೌಲಭ್ಯಕ್ಕೆ ಕೊಟ್ಟಿರುವ ಅನುಮತಿಯ ಸಂಖ್ಯೆ 176. ಅಂದರೆ 128, 32 ಮತ್ತು 16ರ ಮೊತ್ತ. ರೀಬೂಟ್‌ಗೆ 128, ಬರವಣಿಗೆ ನಿಲ್ಲಿಸಲು 32, ಡಿಸ್ಕಿಗೆ ಇಳಿಸಲು 16. ಬೇರೆ ಅಕ್ಷರಗಳಿಗೆ ಅನುಮತಿಯೇ ಇಲ್ಲ, ಸುಮ್ನೆ ಒತ್ತಿ ಏನೂ ಪ್ರಯೋಜನವಿಲ್ಲ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಪ್ರಿಂಟ್‌ಸ್ಕ್ರೀನ್ ಜೊತೆ ಎಫ್‌ಎನ್ ಕೀಯನ್ನೂ ಹಿಡಿಯಬೇಕಾಗುತ್ತದೆ.

ಗಣಕ ಮತ್ತೆ ಎದ್ದ ಮೇಲೆ ಟರ್ಮಿನಲ್ ತೆರೆದು ‘ಜರ್ನಲ್‌ಸಿಟಿಎಲ್ -ಬಿ -1 -ಇ’ ಹೊಡಿ. ಹಿಂದಿನ ಸಲ ಬೂಟ್ ಆದಾಗಿನ ದಾಖಲೆಯ ಕೊನೆಯ ಸಾಲುಗಳು ಕಾಣುತ್ತವೆ. ಪ್ರತಿ ಸಾಲಿನ ಮುಂದೆ ಗಂಟೆ ನಿಮಿಷ ಇರುತ್ತದೆ. ಪರದೆ ನಿಂತ ಹೊತ್ತು ನಿನಗೆ ಗೊತ್ತಿದ್ದರೆ ನೇರ ಅಲ್ಲಿಗೇ ಹೋಗಬಹುದು. ಅಲ್ಲಿ ‘ಔಟ್ ಆಫ್ ಮೆಮೊರಿ’ ಅನ್ನುವ ಮಾತು ಸಿಕ್ಕಿದರೆ ರ‍್ಯಾಮ್ ಸಾಲಲಿಲ್ಲ ಅಂತ ಅರ್ಥ. 4 ಜಿಬಿ ಯಂತ್ರದಲ್ಲಿ ಬ್ರೌಸರಿನ ಮೂವತ್ತು ಟ್ಯಾಬ್ ತೆರೆದಿಟ್ಟರೆ ಆಗುವುದೇ ಹೀಗೆ, ಅದನ್ನು ಬಗ್ (ತಂತ್ರಾಂಶದ ದೋಷ) ಅನ್ನಲು ಬರುವುದಿಲ್ಲ. ‘ಐ/ಒ ಎರರ್’ ಅಂತ ಸಾಲುಸಾಲಾಗಿ ಇದ್ದರೆ ಡಿಸ್ಕ್ ಹೋಗುತ್ತಿದೆ. ಬೇರೆಲ್ಲ ಬಿಟ್ಟು ಮೊದಲು ನಿನ್ನ ಫೈಲುಗಳನ್ನು ಕಾಪಿ ಮಾಡಿಕೋ. ‘ಐ915’, ‘ಎಎಂಡಿಜಿಪಿಯು’, ‘ನೋವೋ’ ಇಂಥ ಹೆಸರಿನ ಜೊತೆ ‘ಹ್ಯಾಂಗ್’ ಅಥವಾ ‘ಟೈಮ್‌ಔಟ್’ ಇದ್ದರೆ ಗ್ರಾಫಿಕ್ಸ್ ಡ್ರೈವರಿನ ಮೇಲೆ ಅನುಮಾನ ಪಡಬೇಕು.

ಮೂರು ವಾರದಿಂದ ಅಂದೆ. ಅದಕ್ಕೂ ಮೊದಲು ಸರಿಯಿತ್ತು ಅಂತಾಯಿತು. ಹಾಗಾದರೆ ಆ ಹೊತ್ತಿಗೆ ಏನೋ ಬದಲಾಗಿದೆ. ‘/ವಾರ್/ಲಾಗ್/ಆಪ್ಟ್’ ಫೋಲ್ಡರಿನಲ್ಲಿ ‘ಹಿಸ್ಟರಿ.ಲಾಗ್’ ಅನ್ನುವ ಫೈಲ್ ಇದೆ. ಯಾವ ದಿನ ಯಾವ ಪ್ಯಾಕೇಜ್ ಬಂತು, ಹಳೆಯ ಆವೃತ್ತಿ ಯಾವುದು, ಹೊಸದು ಯಾವುದು ಎಲ್ಲ ಅದರಲ್ಲಿ ಬರೆದಿರುತ್ತದೆ. ಆ ದಿನಗಳಲ್ಲಿ ಹೊಸ ಕರ್ನಲ್ ಬಂದಿದ್ದರೆ ಬೂಟ್ ಆಗುವಾಗ ಯಾವುದನ್ನು ಓಡಿಸಲಿ ಅಂತ ಕೇಳುವ ಗ್ರಬ್ ಮೆನುವಿನಲ್ಲಿ ‘ಅಡ್ವಾನ್ಸ್‌ಡ್ ಆಪ್ಷನ್ಸ್’ಗೆ ಹೋಗಿ ಹಳೆಯ ಕರ್ನಲ್ ಆರಿಸಿ ನಾಲ್ಕು ದಿನ ಕೆಲಸ ಮಾಡಿ ನೋಡು. ಹಳೆಯದರಲ್ಲಿ ನಿಲ್ಲದೆ ಹೊಸದರಲ್ಲಿ ಮಾತ್ರ ನಿಂತರೆ, ಡ್ರೈವರ್ ಬರೆಯುವವರಿಗೆ ನೀನು ಕಳಿಸುವ ವರದಿಯ ಮೊದಲ ವಾಕ್ಯ ಅದೇ ಆಗಬೇಕು: ‘ಈ ಆವೃತ್ತಿಯಲ್ಲಿ ಸರಿಯಿತ್ತು, ಈ ಆವೃತ್ತಿಯಲ್ಲಿ ಇಲ್ಲ.’ ಎರಡೂ ಸಂಖ್ಯೆ ಪೂರ್ತಿ ಬರಿ. ‘ಯುನೇಮ್ -ಆರ್’ ಹೊಡೆದರೆ ಈಗ ಓಡುತ್ತಿರುವ ಕರ್ನಲ್ಲಿನ ಸಂಖ್ಯೆ ಸಿಗುತ್ತದೆ. ಇಷ್ಟು ಗೊತ್ತಾದರೆ ಡ್ರೈವರ್ ಬರೆಯುವವರು ಆ ಎರಡರ ನಡುವೆ ಏನು ತಿದ್ದಿದೆವು ಅಂತ ಮಾತ್ರ ಹುಡುಕಿದರೆ ಸಾಕು. ಅವರ ಅರ್ಧ ಕೆಲಸ ನೀನೇ ಮಾಡಿಕೊಟ್ಟ ಹಾಗೆ.

ಪ್ರಶ್ನೆ: ವಿಂಡೋಸ್ ಜೊತೆಗೆ ಉಬುಂಟು ಹಾಕಿದ್ದೇನೆ. ಉಬುಂಟುವಿನಿಂದ ವಿಂಡೋಸ್‌ಗೆ ಹೋದಾಗಲೆಲ್ಲ ಗಡಿಯಾರ ಹಿಂದೆ ಬೀಳುತ್ತದೆ. ಬ್ಯಾಟರಿ ಬದಲಿಸಿದರೂ ಅಷ್ಟೆ.
— ಅಡಿಕೆ ಬೆಳೆಗಾರರು, ಸಾಗರ

ಉತ್ತರ: ಎಷ್ಟು ಹಿಂದೆ ಬೀಳುತ್ತದೆ ಅಂತ ಬರೆದಿಲ್ಲ. ಐದೂವರೆ ಗಂಟೆ ಇರಬೇಕು, ನೋಡಿ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಮೂಲ) ಸಮಯ ಇಡುತ್ತದೆ. ವಿಂಡೋಸ್ ಅದನ್ನೇ ಭಾರತದ ಸಮಯ ಅಂದುಕೊಂಡು ಓದುತ್ತದೆ. ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿ, ಆದ್ದರಿಂದ ಬಗ್ ಅಂತ ಯಾರಿಗೂ ಬರೆಯಬೇಡಿ. ಉಬುಂಟುವಿನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಅಂತ ಒಮ್ಮೆ ಹೊಡೆದರೆ ಲಿನಕ್ಸೂ ಸ್ಥಳೀಯ ಸಮಯ ಇಡಲು ಶುರು ಮಾಡುತ್ತದೆ. ಪಾಪ, ಆ ಬ್ಯಾಟರಿ ಚೆನ್ನಾಗೇ ಇತ್ತು.

ಪ್ರಶ್ನೆ: ನಮ್ಮ ಗ್ರಂಥಾಲಯದ ಲಿನಕ್ಸ್ ಗಣಕದಿಂದ ಕೆಲವು ದಿನ ಪ್ರಿಂಟ್ ಬರುತ್ತದೆ, ಕೆಲವು ದಿನ ಬರುವುದಿಲ್ಲ. ಪ್ರಿಂಟರ್ ವೈಫೈನಲ್ಲಿದೆ. ಸೋಮವಾರ ಬೆಳಿಗ್ಗೆ ಜಾಸ್ತಿ ತೊಂದರೆ ಅಂತ ನಾನು ಹೇಳಿದರೆ ಸಹೋದ್ಯೋಗಿಗಳು ನಗುತ್ತಾರೆ.
— ಗ್ರಂಥಪಾಲಕಿ, ಚಿಕ್ಕಮಗಳೂರು

ಉತ್ತರ: ಅವರು ನಗಲಿ ಬಿಡಿ ಮೇಡಂ. ನಿಮಗಿಂತ ಮೊದಲು ಇನ್ನೊಬ್ಬ ಹೆಣ್ಣುಮಗಳನ್ನು ನೋಡಿಯೂ ಹೀಗೇ ನಕ್ಕಿರಬೇಕು. ಉಬುಂಟುವಿನ ಬಗ್‌ಗಳು ದಾಖಲಾಗುವ ಲಾಂಚ್‌ಪ್ಯಾಡ್‌ನಲ್ಲಿ 255161ನೇ ಸಂಖ್ಯೆಯ ಬಗ್ ಒಂದಿದೆ. ‘ಓಪನ್‌ಆಫೀಸ್ ಮಂಗಳವಾರ ಪ್ರಿಂಟ್ ಮಾಡುವುದಿಲ್ಲ’ ಅನ್ನುವ ದೂರು ಅದರಲ್ಲಿದೆ. 2008–09ರ ಕಥೆ. ಮಂಗಳವಾರ ಪ್ರಿಂಟ್ ಬರುವುದೇ ಇಲ್ಲ ಅಂತ ಒಬ್ಬರ ಹೆಂಡತಿ ಹೇಳುತ್ತಿದ್ದರು. ನಂಬದ ಗಂಡನಿಗೆ ಮಂಗಳವಾರವೇ ಕೂರಿಸಿಕೊಂಡು ಮಾಡಿ ತೋರಿಸಿದರು. ನಮ್ಮ ಕಡೆ ಮಂಗಳವಾರ ಕ್ಷೌರದಂಗಡಿಗೆ ರಜೆ ಇರುವ ಹಾಗೆ ಪ್ರಿಂಟರಿಗೂ ರಜೆ!

ಕಾರಣ ಸಿಕ್ಕಿದ್ದು ಯಾರೂ ಊಹಿಸದ ಜಾಗದಲ್ಲಿ. ಪ್ರಿಂಟಿಗೆ ಹೋಗುವ ಪೋಸ್ಟ್‌ಸ್ಕ್ರಿಪ್ಟ್ ಫೈಲಿನ ತಲೆಯಲ್ಲಿ ಅದು ತಯಾರಾದ ದಿನ, ವಾರ ಬರೆದಿರುತ್ತದೆ. ಆ ಪ್ರಿಂಟರಿನ ಡ್ರೈವರು ‘ಫೈಲ್’ ಅನ್ನುವ ಪುಟ್ಟ ಪ್ರೋಗ್ರಾಂ ಅನ್ನು ಕರೆದು ‘ಇದು ಯಾವ ಬಗೆಯ ಕಡತ?’ ಅಂತ ಕೇಳುತ್ತಿತ್ತು. ಎರ್‌ಲ್ಯಾಂಗ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಒಂದು ಬಗೆಯ ಕಡತವನ್ನು ಗುರುತಿಸಲು ಆ ‘ಫೈಲ್’ ಬಳಿ ಒಂದು ನಿಯಮವಿತ್ತು. ಅದರಲ್ಲಿ 1991ರ ಒಂದು ಮಂಗಳವಾರದ ದಿನಾಂಕ, ಸಮಯ ಪೂರ್ತಿ ಹೊಂದಬೇಕಿತ್ತು. ಆದರೆ ನಿಯಮ ಬರೆಯುವಾಗ ಪದಗಳ ನಡುವಿನ ಖಾಲಿ ಜಾಗಕ್ಕೆ ಹಾಕಬೇಕಾದ ಗುರುತು ಬಿಟ್ಟುಹೋಗಿತ್ತು. ಹಾಗಾಗಿ ಮೊದಲ ಮೂರಕ್ಷರ, ಅಂದರೆ ಇಂಗ್ಲಿಷಿನ ‘ಟ್ಯೂ’ ಹೊಂದಿದರೆ ಸಾಕು ಅಂತಾಯಿತು. ಮಂಗಳವಾರದ ಕಡತ ಕಂಡ ಕೂಡಲೇ ‘ಇದು ಎರ್‌ಲ್ಯಾಂಗ್’ ಅನ್ನುತ್ತಿತ್ತು. ಪೋಸ್ಟ್‌ಸ್ಕ್ರಿಪ್ಟ್ ಅಲ್ಲ ಅಂದ ಮೇಲೆ ಡ್ರೈವರು ಅದನ್ನು ಮುಟ್ಟುತ್ತಿರಲಿಲ್ಲ. ಓಪನ್‌ಆಫೀಸ್‌ದು ಏನೂ ತಪ್ಪಿರಲಿಲ್ಲ. ಆಕೆ ‘ಪ್ರಿಂಟರ್ ಕೆಟ್ಟಿದೆ’ ಅಂತ ಹೇಳಿ ಸುಮ್ಮನಾಗಿದ್ದರೆ ಇದನ್ನು ಹಿಡಿಯುವುದು ಹೇಗೆ ಹೇಳಿ? ವಾರದ ಹೆಸರು ಹೇಳಿದ್ದಕ್ಕೆ ಹಿಡಿಯಲು ಬಂತು.

ನಿಮ್ಮ ಸೋಮವಾರಕ್ಕೆ ಇಷ್ಟು ವಿಚಿತ್ರ ಕಾರಣ ಇರಲಾರದು. ಭಾನುವಾರ ಗ್ರಂಥಾಲಯ ಮುಚ್ಚಿ, ಎಲ್ಲದರ ಸ್ವಿಚ್ ಆರಿಸಿ ಹೋಗುತ್ತೀರಿ ಅಲ್ವಾ? ಸೋಮವಾರ ಪ್ರಿಂಟರ್ ಹಾಕಿದಾಗ ವೈಫೈ ರೌಟರ್ ಅದಕ್ಕೆ ಬೇರೆ ಐಪಿ ವಿಳಾಸ ಕೊಟ್ಟಿರಬಹುದು. ಗಣಕ ಹಳೆಯ ವಿಳಾಸಕ್ಕೇ ಕಾಗದ ಕಳಿಸುತ್ತಾ ಕೂತಿರುತ್ತದೆ. ಪ್ರಿಂಟ್ ಬರುವ ದಿನ ‘ಎಲ್‌ಪಿಸ್ಟಾಟ್ -ವಿ’ ಹೊಡೆದು ಅಲ್ಲಿ ಕಾಣುವ ವಿಳಾಸ ಬರೆದಿಡಿ. ಪ್ರಿಂಟರಿನ ಪುಟ್ಟ ಪರದೆಯ ನೆಟ್‌ವರ್ಕ್ ಮೆನುವಿನಲ್ಲಿ ಅದರ ವಿಳಾಸ ಇರುತ್ತದೆ, ಅದನ್ನೂ ಬರೆದಿಡಿ. ಪ್ರಿಂಟ್ ಬಾರದ ದಿನ ಮತ್ತೆ ಎರಡನ್ನೂ ನೋಡಿ. ಬೇರೆ ಬೇರೆ ಇದ್ದರೆ ರೌಟರಿನ ಸೆಟ್ಟಿಂಗ್‌ನಲ್ಲಿ ಪ್ರಿಂಟರಿಗೆ ಒಂದೇ ವಿಳಾಸ ಕಾಯಂ ಮಾಡಿಸಿ, ಮುಗಿಯಿತು. ಎರಡೂ ಒಂದೇ ಇದ್ದು ಪ್ರಿಂಟ್ ಬಾರದಿದ್ದರೆ ‘ಕಪ್ಸ್‌ಸಿಟಿಎಲ್ --ಡೀಬಗ್-ಲಾಗಿಂಗ್’ ಹಾಕಿ, ಒಂದು ಪುಟ ಕಳಿಸಿ, ‘/ವಾರ್/ಲಾಗ್/ಕಪ್ಸ್’ನಲ್ಲಿರುವ ‘ಎರರ್_ಲಾಗ್’ ತೆಗೆದು ನನಗೆ ಕಳಿಸಿ. ಆಗ ಸೋಮವಾರದ ಬಗ್ಗೆ ನಾನೂ ತಲೆ ಕೆಡಿಸಿಕೊಳ್ಳುತ್ತೇನೆ.

ಪ್ರಶ್ನೆ: ಪ್ರೂಫ್ ನೋಡುವ ಕೆಲಸ ನನ್ನದು. ಲಿಬ್ರೆಆಫೀಸ್‌ನಲ್ಲಿ ‘ರ‍್ಯಾಂಕ್’, ‘ರ‍್ಯಾಲಿ’ ಪದಗಳು ಕೆಲವು ಕಡತಗಳಲ್ಲಿ ಸರಿಯಾಗಿ ಬರುತ್ತವೆ. ಕೆಲವದರಲ್ಲಿ ಯಾ ಮುಂದೆ ಅರ್ಕಾವತ್ತು ಬಂದು ಕೂರುತ್ತದೆ. ಇದು ಫಾಂಟಿನ ದೋಷವೋ, ಲಿನಕ್ಸಿನದೋ?
— ಓದುಗರು, ಗದಗ

ಉತ್ತರ: ಬಹಳ ಒಳ್ಳೆಯ ಪ್ರಶ್ನೆ ಸಾರ್. ನಾವು ನೋಡಿ ಹೇಳದಿದ್ದರೆ ಜಗತ್ತಿನಲ್ಲಿ ಬೇರೆ ಯಾರೂ ಇದನ್ನು ಗಮನಿಸುವುದಿಲ್ಲ.

‘ಸೂರ್ಯ’ ಬರೆಯುವಾಗಲೂ ರ, ಅರ್ಧಾಕ್ಷರದ ಗುರುತು, ಯ ಇವೇ ಮೂರು. ‘ರ‍್ಯಾಂಕ್’ ಬರೆಯುವಾಗಲೂ ಅವೇ. ಸೂರ್ಯನಿಗೆ ಅರ್ಕಾವತ್ತು ಬೇಕು, ರ‍್ಯಾಂಕಿಗೆ ರ ಪೂರ್ತಿ ನಿಂತು ಕೆಳಗೆ ಯ ಒತ್ತು ಬೇಕು. ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಅದಕ್ಕಾಗಿ ರ ಆದ ಮೇಲೆ, ಅರ್ಧಾಕ್ಷರದ ಗುರುತಿಗೆ ಮೊದಲು, ಕಣ್ಣಿಗೆ ಕಾಣದ ಒಂದು ಜೋಡಕವನ್ನು ಯುನಿಕೋಡ್‌ನಲ್ಲಿ ಇಡುತ್ತಾರೆ. ಅದರ ಸಂಖ್ಯೆ 200ಡಿ. ಅದು ಇದ್ದರೆ ರ‍್ಯಾಂಕ್, ಇಲ್ಲದಿದ್ದರೆ ಅರ್ಕಾವತ್ತು.

ಆದ್ದರಿಂದ ಮೊದಲು ನೋಡಬೇಕಾದ್ದು ಬರಹವನ್ನೇ. ತಪ್ಪಾಗಿ ಕಾಣುವ ಆ ಒಂದು ಪದವನ್ನು ಟೆಕ್ಸ್ಟ್ ಎಡಿಟರಿಗೆ ಕಾಪಿ ಮಾಡಿ ಸೇವ್ ಮಾಡಿ. ಟರ್ಮಿನಲ್‌ನಲ್ಲಿ ‘ಹೆಕ್ಸ್‌ಡಂಪ್ -ಸಿ’ (ಇಲ್ಲಿ ಸಿ ಮಾತ್ರ ದೊಡ್ಡ ಅಕ್ಷರ) ಹೊಡೆದು ಮುಂದೆ ಕಡತದ ಹೆಸರು ಕೊಡಿ. ಸಂಖ್ಯೆಗಳ ಸಾಲು ಬರುತ್ತದೆ. ಅದರಲ್ಲಿ ‘ಇ2 80 8ಡಿ’ ಅನ್ನುವ ಮೂರರ ಗುಂಪು ಇದೆಯೇ ನೋಡಿ. ಇಲ್ಲದಿದ್ದರೆ ಜೋಡಕ ಬಿದ್ದುಹೋಗಿದೆ. ಟೈಪ್ ಮಾಡಿದವರು ಹಾಕಿಲ್ಲ, ಅಥವಾ ದಾರಿಯಲ್ಲಿ ಯಾವುದೋ ತಂತ್ರಾಂಶ ಬರಹವನ್ನು ‘ಶುಚಿ’ ಮಾಡುವ ನೆಪದಲ್ಲಿ ಕಿತ್ತುಹಾಕಿದೆ. ಕೆಲವು ಕಡತದಲ್ಲಿ ಮಾತ್ರ ಹೀಗಾಗುತ್ತದೆ ಅಂತ ನೀವೇ ಬರೆದಿರುವುದರಿಂದ ನನ್ನ ಅನುಮಾನವೂ ಇದೇ. ಲಿಬ್ರೆಆಫೀಸ್‌ನಲ್ಲಿ ಆ ಜಾಗದಲ್ಲಿ 200ಡಿ ಅಂತ ಇಂಗ್ಲಿಷಿನಲ್ಲಿ ಹೊಡೆದು ಆಲ್ಟ್ ಮತ್ತು ಎಕ್ಸ್ ಒತ್ತಿದರೆ ಜೋಡಕ ಬರುತ್ತದೆ.

ಜೋಡಕ ಸರಿಯಾದ ಜಾಗದಲ್ಲಿದ್ದೂ ತಪ್ಪು ಕಂಡರೆ ಆಗ ಫಾಂಟಿನ ಸರದಿ. ಅದೇ ಪದಕ್ಕೆ ನೋಟೊ ಸಾನ್ಸ್ ಕನ್ನಡ, ಲೋಹಿತ್ ಕನ್ನಡ, ಗುಬ್ಬಿ ಹೀಗೆ ಒಂದೊಂದೇ ಫಾಂಟ್ ಹಾಕಿ ನೋಡಿ. ಒಂದೇ ಫಾಂಟಿನಲ್ಲಿ ಕೆಟ್ಟರೆ ಆ ಫಾಂಟ್ ಮಾಡಿದವರಿಗೆ ಬರೆಯಬೇಕು. ಎಲ್ಲ ಫಾಂಟಿನಲ್ಲೂ ಕೆಟ್ಟು, ಫೈರ್‌ಫಾಕ್ಸ್‌ನಲ್ಲಿ ಮಾತ್ರ ಸರಿ ಕಂಡರೆ ಲಿಬ್ರೆಆಫೀಸ್‌ನವರಿಗೆ. ಅಕ್ಷರಗಳನ್ನು ಜೋಡಿಸುವ ಕೆಲಸ ಎರಡರಲ್ಲೂ ಹಾರ್ಫ್‌ಬಜ್ ಅನ್ನುವ ಒಂದೇ ಎಂಜಿನ್‌ನದು. ಹಾಗಾಗಿ ಎಲ್ಲ ಫಾಂಟಿನಲ್ಲೂ, ಎಲ್ಲ ಪ್ರೋಗ್ರಾಂನಲ್ಲೂ ಕೆಟ್ಟರೆ ಅದರ ಮೇಲೆ ದೂರು. ಟರ್ಮಿನಲ್‌ನಲ್ಲಿ ಕನ್ನಡದ ಒತ್ತುಗಳು ಚೆಲ್ಲಾಪಿಲ್ಲಿಯಾಗುವುದು ಹಳೆಯ, ಎಲ್ಲರಿಗೂ ಗೊತ್ತಿರುವ ಸಮಸ್ಯೆ. ಅದನ್ನು ಇದರ ಜೊತೆ ಸೇರಿಸಬೇಡಿ.

ವರದಿ ಓದುವವರಿಗೆ ಕನ್ನಡ ಬರುವುದಿಲ್ಲ ಅನ್ನುವುದು ನೆನಪಿರಲಿ. ‘ಅರ್ಕಾವತ್ತು ತಪ್ಪಿದೆ’ ಅಂದರೆ ಅವರಿಗೆ ತಲೆಬುಡ ತಿಳಿಯದು. ಎರಡು ಚಿತ್ರ ಕಳಿಸಿ. ಒಂದು ಪರದೆಯಲ್ಲಿ ಕಂಡದ್ದು, ಇನ್ನೊಂದು ಅಚ್ಚಾದ ಪುಸ್ತಕದಲ್ಲಿ ಸರಿಯಾಗಿರುವುದರ ಫೋಟೋ. ಜೊತೆಗೆ ಆ ಪದವನ್ನೇ ಬರಹವಾಗಿ ಅಂಟಿಸಿ, ಫಾಂಟಿನ ಹೆಸರು ಮತ್ತು ಆವೃತ್ತಿ ಹಾಕಿ. ಕೆಟ್ಟ ಅಕ್ಷರದ ಸುತ್ತ ಕೆಂಪು ಗೆರೆ ಎಳೆದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಬಗ್ ವರದಿ ಬರೆಯಬೇಕು ಅಂತ ಆಸೆ ಇದೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಚಾಟ್‌ಬಾಟ್ ಹತ್ತಿರ ಬರೆಸಿದರೆ ನಡೆಯುತ್ತದೆಯೇ?
— ಐಟಿಐ ಬೋಧಕರು, ಕೊಪ್ಪಳ

ಉತ್ತರ: ನಿಮ್ಮ ಮುರುಕು ಇಂಗ್ಲಿಷೇ ವಾಸಿ ಸಾರ್. ವರದಿ ಓದುವ ಎಷ್ಟೋ ಜನರಿಗೂ ಇಂಗ್ಲಿಷ್ ಮನೆಮಾತಲ್ಲ. ಜರ್ಮನಿಯವರು, ಬ್ರೆಜಿಲ್‌ನವರು ಇದ್ದಾರೆ. ಅವರಿಗೆ ಬೇಕಾದ್ದು ವ್ಯಾಕರಣವಲ್ಲ, ಅವರ ಯಂತ್ರದಲ್ಲೂ ಇದನ್ನು ಮಾಡಿ ನೋಡಲು ದಾರಿ. ಮೂರು ಸಂಗತಿ ಇದ್ದರೆ ಆಯಿತು. ನಾನು ಏನೇನು ಮಾಡಿದೆ, ಏನು ಆಗಬೇಕಿತ್ತು, ಏನಾಯಿತು.

ಮಿಂಟ್‌ನ ಫೈಲ್ ಮ್ಯಾನೇಜರ್ ನೆಮೊದ ಮೇಲೆ ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ತಲೆಬರಹ ‘ಫೈಲ್ ಮ್ಯಾನೇಜರ್ ಕೆಟ್ಟಿದೆ, ಅರ್ಜೆಂಟ್!!!’ ಅಂತಿದ್ದರೆ ಯಾರೂ ತೆರೆದು ನೋಡುವುದಿಲ್ಲ. ‘ಕನ್ನಡ ಹೆಸರಿನ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಎಳೆದು ಹಾಕಿದರೆ ನೆಮೊ ಮುಚ್ಚಿಹೋಗುತ್ತದೆ’ ಅಂತಿದ್ದರೆ ತೆರೆಯುತ್ತಾರೆ. ಒಳಗೆ: ‘1. ಡೆಸ್ಕ್‌ಟಾಪ್‌ನಲ್ಲಿ ಒಂದು ಹೊಸ ಫೋಲ್ಡರ್ ಮಾಡಿ, ಈ ಹೆಸರು ಕೊಡಿ. 2. ಪೆನ್‌ಡ್ರೈವ್ ಹಾಕಿ. 3. ಫೋಲ್ಡರನ್ನು ಅದಕ್ಕೆ ಎಳೆಯಿರಿ. ಕಾಪಿ ಆಗಬೇಕಿತ್ತು. ಕಿಟಕಿ ಮುಚ್ಚಿಹೋಯಿತು. ಇಂಗ್ಲಿಷ್ ಹೆಸರು ಕೊಟ್ಟರೆ ಕಾಪಿ ಆಗುತ್ತದೆ. ಪ್ರತಿ ಸಲವೂ ಹೀಗೇ.’ ಕೊನೆಯ ಎರಡು ವಾಕ್ಯ ಎಷ್ಟು ಕೆಲಸ ಮಾಡುತ್ತವೆ ನೋಡಿ. ಅವನ್ನು ಬರೆಯಲು ನೀವು ಇಂಗ್ಲಿಷ್ ಹೆಸರು ಕೊಟ್ಟೂ ನೋಡಿರಬೇಕು. ಕಷ್ಟ ಇರುವುದು ಅಲ್ಲಿ, ಭಾಷೆಯಲ್ಲಲ್ಲ. ಕೆಳಗೆ ವ್ಯವಸ್ಥೆಯ ವಿವರ ಅಂಟಿಸಿ. ಮಿಂಟ್‌ನಲ್ಲಿ ‘ಸಿಸ್ಟಮ್ ರಿಪೋರ್ಟ್ಸ್’ (ಹೊಸ ಆವೃತ್ತಿಗಳಲ್ಲಿ ‘ಸಿಸ್ಟಮ್ ಇನ್ಫರ್ಮೇಶನ್’) ತೆರೆದರೆ ಅದು ತಯಾರಾಗಿ ಸಿಗುತ್ತದೆ.

ನಿಮ್ಮ ಡೆಸ್ಕ್‌ಟಾಪ್ ಕನ್ನಡದಲ್ಲಿದ್ದರೆ ತಪ್ಪಿನ ಸಂದೇಶವೂ ಕನ್ನಡದಲ್ಲೇ ಬರುತ್ತದೆ. ಆಗ ಪ್ರೋಗ್ರಾಂ ಅನ್ನು ಟರ್ಮಿನಲ್‌ನಿಂದ ತೆರೆಯಿರಿ. ಅದರ ಹೆಸರಿಗಿಂತ ಮೊದಲು ‘ಎಲ್‌ಸಿ_ಆಲ್=ಸಿ’ ಸೇರಿಸಿ. ಇಲ್ಲಿ ಎಲ್ಲವೂ ದೊಡ್ಡ ಅಕ್ಷರ. ಸಂದೇಶ ಇಂಗ್ಲಿಷಿಗೆ ತಿರುಗುತ್ತದೆ, ಅದನ್ನು ಇದ್ದ ಹಾಗೇ ಕಾಪಿ ಮಾಡಿ. ನೀವಾಗಿ ಅನುವಾದ ಮಾಡಲು ಹೋಗಬೇಡಿ.

ಚಾಟ್‌ಬಾಟ್‌ಗೆ ನಿಮ್ಮ ವಾಕ್ಯ ತಿದ್ದಿಕೊಡು ಅನ್ನಿ, ತಪ್ಪಿಲ್ಲ. ವರದಿಯನ್ನೇ ಬರೆದುಕೊಡು ಅಂದರೆ ಅದು ನೀವು ಮಾಡದ ಪ್ರಯೋಗ, ನೋಡದ ಸಂದೇಶ ಎಲ್ಲ ಸೇರಿಸಿಬಿಡುತ್ತದೆ. ಕರ್ಲ್ ಅನ್ನುವ ತಂತ್ರಾಂಶ ನೋಡಿಕೊಳ್ಳುವ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಇಂಥ ಹುಸಿ ವರದಿಗಳಿಂದ ರೋಸಿಹೋಗಿ ಬಹಿರಂಗವಾಗಿಯೇ ದೂರಿದ್ದಾರೆ. ಆ ರಾಶಿಗೆ ನಿಮ್ಮದೂ ಸೇರುವುದು ಬೇಡ.

ಪ್ರಶ್ನೆ: ಲಾಂಚ್‌ಪ್ಯಾಡ್‌ನಲ್ಲಿ ಕಷ್ಟಪಟ್ಟು ಒಂದು ಬಗ್ ದಾಖಲಿಸಿದೆ. ಕೆಲವು ತಿಂಗಳ ಮೇಲೆ ನೋಡಿದರೆ ‘ಎಕ್ಸ್‌ಪೈರ್ಡ್’ ಅಂತ ಮುಚ್ಚಿಹಾಕಿದ್ದಾರೆ. ಇಷ್ಟು ಸೊಕ್ಕೇ?
— ಖಾಸಗಿ ಕಂಪನಿ ಉದ್ಯೋಗಿ, ಮೈಸೂರು

ಉತ್ತರ: ಮುಚ್ಚಿದ್ದು ಮನುಷ್ಯರಲ್ಲ. ಯಾರೋ ನಿಮ್ಮನ್ನು ಏನೋ ಕೇಳಿ, ಬಗ್‌ನ ಸ್ಥಿತಿಯನ್ನು ‘ಇನ್‌ಕಂಪ್ಲೀಟ್’ ಅಂತ ಬದಲಿಸಿರುತ್ತಾರೆ. 60 ದಿನ ಉತ್ತರ ಬಾರದಿದ್ದರೆ ಲಾಂಚ್‌ಪ್ಯಾಡ್ ತಾನಾಗಿಯೇ ಅದನ್ನು ಮುಚ್ಚುತ್ತದೆ. ಆ ಪ್ರಶ್ನೆ ನಿಮ್ಮ ಇಮೇಲ್‌ಗೆ ಬಂದಿರುತ್ತದೆ, ಸ್ಪ್ಯಾಮ್ ಫೋಲ್ಡರ್ ನೋಡಿ. ಕೇಳಿದ್ದಕ್ಕೆ ಉತ್ತರ ಕೊಟ್ಟು, ಸ್ಥಿತಿಯನ್ನು ಮತ್ತೆ ‘ನ್ಯೂ’ ಮಾಡಿ. ಬೈದು ಬರೆದಿದ್ದರೆ ಕಳಿಸಬೇಡಿ.

‘ಡೂಪ್ಲಿಕೇಟ್’ ಅಂದರೂ ಕೆಲವರಿಗೆ ಸಿಟ್ಟು ಬರುತ್ತದೆ. ನಿಮ್ಮದೇ ತೊಂದರೆ ಇನ್ನೊಬ್ಬರಿಗೂ ಇದೆ ಅಂದರೆ ಖುಷಿಪಡಬೇಕು. ಎರಡು ಯಂತ್ರದಲ್ಲಿ ಕಂಡದ್ದನ್ನು ಯಾರೂ ‘ನಿಮ್ಮ ಭ್ರಮೆ’ ಅನ್ನಲಾರರು. ಅಲ್ಲಿ ‘ನನಗೂ ಹೀಗೇ’ ಅಂತ ಬರೆಯುವ ಬದಲು ‘ಈ ಬಗ್ ನನಗೂ ತಾಗಿದೆ’ ಅನ್ನುವ ಗುಂಡಿ ಒತ್ತಿ. ಹೊಸ ವಿವರ ಇದ್ದರೆ ಮಾತ್ರ ಬರೆಯಿರಿ.

ಇನ್ನು, ನಿಮ್ಮ ದೂರು ಸರಿಯಾದ ಬಾಗಿಲಿಗೆ ಹೋಗಿದೆಯೇ ಅಂತಲೂ ನೋಡಿ. ಲಿನಕ್ಸ್ ಡೆಸ್ಕ್‌ಟಾಪ್ ಅನ್ನುವುದು ಒಬ್ಬರು ಮಾಡಿದ ವಸ್ತುವಲ್ಲ. ಮಿಂಟ್‌ನ ಬಹುಪಾಲು ಉಬುಂಟುವಿನಿಂದ ಬಂದದ್ದು, ಉಬುಂಟುವಿನ ಬಹುಪಾಲು ಡೆಬಿಯನ್‌ನಿಂದ ಬಂದದ್ದು. ಅದರೊಳಗಿನ ಒಂದೊಂದು ಪ್ರೋಗ್ರಾಮಿಗೂ ಬೇರೆ ಮನೆ ಇದೆ. ಸಿನಮನ್, ನೆಮೊ ತೊಂದರೆ ಇದ್ದರೆ ಗಿಟ್‌ಹಬ್‌ನಲ್ಲಿರುವ ಮಿಂಟ್ ತಂಡ. ಗ್ನೋಮ್ ಅನ್ನುವ ಡೆಸ್ಕ್‌ಟಾಪ್ ಮಾಡುವವರು 2018ರಲ್ಲಿ ಬಗ್ ದಾಖಲಿಸುವ ಬಗ್‌ಜಿಲ್ಲಾ ಬಿಟ್ಟು ಗಿಟ್‌ಲ್ಯಾಬ್‌ಗೆ ಹೋದರು. ಕೆಡಿಇ (ಇನ್ನೊಂದು ಡೆಸ್ಕ್‌ಟಾಪ್), ಫೈರ್‌ಫಾಕ್ಸ್, ಲಿಬ್ರೆಆಫೀಸ್‌ನವರು ತಮ್ಮ ತಮ್ಮ ಬಗ್‌ಜಿಲ್ಲಾ ಇಟ್ಟುಕೊಂಡಿದ್ದಾರೆ. ಡೆಬಿಯನ್‌ನಲ್ಲಿ ‘ರಿಪೋರ್ಟ್‌ಬಗ್’ ಅಂತ ಹೊಡೆದರೆ ಅದೇ ಪ್ರಶ್ನೆ ಕೇಳಿ, ವರದಿ ಕಟ್ಟಿ, ಇಮೇಲ್ ಮಾಡುತ್ತದೆ. ಉಬುಂಟುವಿನಲ್ಲಿ ‘ಉಬುಂಟು-ಬಗ್’ ಅಂತ ಹೊಡೆದು ಮುಂದೆ ಪ್ಯಾಕೇಜ್ ಹೆಸರು ಕೊಟ್ಟರೆ ಬೇಕಾದ ಲಾಗ್‌ಗಳನ್ನು (ಗಣಕದ ದಾಖಲೆಗಳನ್ನು) ಅದೇ ಸೇರಿಸಿಕೊಳ್ಳುತ್ತದೆ. ನೀವು ಪ್ರೋಗ್ರಾಂ ಅನ್ನು ಫ್ಲಾಟ್‌ಪ್ಯಾಕ್ ಅಥವಾ ಸ್ನ್ಯಾಪ್ ಅನ್ನುವ ಬೇರೆ ಬಗೆಯ ಪೊಟ್ಟಣದಲ್ಲಿ ಹಾಕಿಕೊಂಡಿದ್ದರೆ ಅದನ್ನು ಮರೆಯದೆ ಹೇಳಿ. ಒಂದೇ ಪ್ರೋಗ್ರಾಂ ಆದರೂ ಪೊಟ್ಟಣ ಕಟ್ಟಿದವರು ಬೇರೆ.

ತಾಳ್ಮೆಯ ವಿಷಯಕ್ಕೆ ಒಂದು ತಮಾಷೆ. ಉಬುಂಟುವಿನ 1ನೇ ನಂಬರಿನ ಬಗ್ ದಾಖಲಿಸಿದ್ದು ಅದನ್ನು ಶುರು ಮಾಡಿದ ಮಾರ್ಕ್ ಶಟಲ್‌ವರ್ತ್. 2004ರಲ್ಲಿ. ‘ಮಾರುಕಟ್ಟೆಯಲ್ಲಿ ಮೈಕ್ರೋಸಾಫ್ಟ್‌ನದೇ ಬಹುಪಾಲು’ ಅನ್ನುವುದು ಆ ಬಗ್. ಅವರೇ ಅದನ್ನು ಮುಚ್ಚಿದ್ದು 2013ರಲ್ಲಿ, ಅದೂ ಮೊಬೈಲುಗಳು ಬಂದು ಲೆಕ್ಕಾಚಾರವೇ ಬದಲಾದ ಮೇಲೆ.

ಪ್ರಶ್ನೆ: ಲಾಗ್ ಕಳಿಸಿ ಅನ್ನುತ್ತಾರೆ. ಅದರಲ್ಲಿ ನನ್ನ ಪಾಸ್‌ವರ್ಡ್ ಇರುತ್ತದೆಯೇ?
— ಬ್ಯಾಂಕ್ ನಿವೃತ್ತರು, ಉಡುಪಿ

ಉತ್ತರ: ಸಾಮಾನ್ಯ ಲಾಗ್‌ನಲ್ಲಿ ಪಾಸ್‌ವರ್ಡ್ ಇರಬಾರದು. ಆದರೆ ನಿಮ್ಮ ಯೂಸರ್ ಹೆಸರು, ಗಣಕದ ಹೆಸರು, ವೈಫೈ ಹೆಸರು, ನೆಟ್‌ವರ್ಕ್ ಕಾರ್ಡಿನ ಸಂಖ್ಯೆ, ಕೆಲವೊಮ್ಮೆ ಫೈಲುಗಳ ಹೆಸರೂ ಇರುತ್ತವೆ. ಕಳಿಸುವ ಮೊದಲು ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು, ಹುಡುಕಿ ಬದಲಿಸಿ. ಯಂತ್ರದ ವಿವರ ಕೊಡುವ ‘ಐಎನ್‌ಎಕ್ಸ್‌ಐ’ಗೆ ‘-ಝಡ್’ ಸೇರಿಸಿದರೆ ಇಂಥ ಗುರುತುಗಳನ್ನು ಅದೇ ಮರೆಮಾಡುತ್ತದೆ. ಹುಷಾರಾಗಿರಬೇಕಾದ್ದು ಕ್ರ್ಯಾಶ್ ಕಡತದ ವಿಷಯದಲ್ಲಿ. ಪ್ರೋಗ್ರಾಂ ಬಿದ್ದ ಕ್ಷಣದಲ್ಲಿ ಅದರ ಮೆಮೊರಿಯಲ್ಲಿ ಇದ್ದದ್ದೆಲ್ಲ ಅದರಲ್ಲಿ ಇರಬಹುದು. ಬ್ರೌಸರಿನಲ್ಲಿ ಬ್ಯಾಂಕ್ ಪುಟ ತೆರೆದಿದ್ದರೆ ಅದೂ ಸೇರಿ. ಅದನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಹಾಕಬೇಡಿ.

ಪ್ರಶ್ನೆ: ಹಳೆಯ ಡೆಸ್ಕ್‌ಟಾಪ್‌ಗೆ ಡೆಬಿಯನ್ ಹಾಕಿದೆ. ಒಂದು ದಿನ ಫೈರ್‌ಫಾಕ್ಸ್ ಮುಚ್ಚಿಹೋಗುತ್ತದೆ, ಮಾರನೇ ದಿನ ವಿಎಲ್‌ಸಿ, ಇನ್ನೊಂದು ದಿನ ಅಪ್‌ಡೇಟ್ ಅರ್ಧಕ್ಕೆ ನಿಲ್ಲುತ್ತದೆ. ಉಬುಂಟು ಹಾಕಿದರೂ ಹೀಗೇ. ಇಷ್ಟೊಂದು ಬಗ್ ಇರಲು ಸಾಧ್ಯವೇ?
— ಡಿಟಿಪಿ ಅಂಗಡಿ, ಚಿತ್ರದುರ್ಗ

ಉತ್ತರ: ದಿನಕ್ಕೊಂದು ಪ್ರೋಗ್ರಾಂ, ಬೇರೆ ಬೇರೆ ವಿತರಣೆಯಲ್ಲೂ ಅದೇ ಹಾಡು ಅಂದರೆ ತಂತ್ರಾಂಶವನ್ನು ಬಿಟ್ಟು ಯಂತ್ರದ ಕಡೆ ನೋಡಬೇಕು. ನನಗೆ ಮೊದಲ ಅನುಮಾನ ರ‍್ಯಾಮ್ ಮೇಲೆ. ಗ್ರಬ್ ಮೆನುವಿನಲ್ಲಿ ‘ಮೆಮ್‌ಟೆಸ್ಟ್86+’ ಇದ್ದರೆ ಅದನ್ನು ಆರಿಸಿ, ಇಲ್ಲದಿದ್ದರೆ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬೂಟ್ ಮಾಡಿ. ಸಂಜೆ ಅಂಗಡಿ ಮುಚ್ಚುವಾಗ ಶುರು ಮಾಡಿ ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ಎರರ್ ಬಂದಿದ್ದರೂ ರ‍್ಯಾಮ್ ನಂಬುವ ಹಾಗಿಲ್ಲ. ಕರೆಂಟ್ ತೆಗೆದು, ಪಟ್ಟಿಗಳನ್ನು ಬಿಚ್ಚಿ, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿ. ಸುಮಾರು ಯಂತ್ರಗಳು ಇಷ್ಟಕ್ಕೇ ಸರಿಹೋಗಿವೆ. ಹೋಗದಿದ್ದರೆ ಒಂದೊಂದೇ ಪಟ್ಟಿ ಹಾಕಿ ಬೇರೆ ಬೇರೆ ಪರೀಕ್ಷೆ ಮಾಡಿ, ಕೆಟ್ಟದ್ದು ಯಾವುದು ಅಂತ ಗೊತ್ತಾಗುತ್ತದೆ. ಅಲ್ಲಿಯವರೆಗೆ ಗಿರಾಕಿಗಳ ಕೆಲಸವನ್ನು ಆ ಗಣಕದಲ್ಲಿ ಸೇವ್ ಮಾಡಬೇಡಿ, ಮತ್ತು ಫೈರ್‌ಫಾಕ್ಸ್‌ನವರಿಗೆ ಸದ್ಯಕ್ಕೆ ಏನೂ ಬರೆಯಬೇಡಿ.